ಬೈದಿದ್ದು ಸೂರ್ಯನ್ನ, ನೀರು ಕುಡಿದಿದ್ದು ಕೇಬಲ್ಲು

ನಾನೊಬ್ಬ ಹ್ಯಾಮ್, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋನು. ನಮ್ಮಂಥವ್ರು ಪ್ರಪಂಚದ ಬೇರೆ ಹ್ಯಾಮ್‌ಗಳನ್ನ ಮಾತಾಡಿಸಿ ಪಾಯಿಂಟ್ ಗಳಿಸೋ, ಅಕ್ಟೋಬರ್ ಕೊನೇ ವೀಕೆಂಡಿನ ಸಿಕ್ಯೂ ವರ್ಲ್ಡ್‌ವೈಡ್ ಕಾಂಟೆಸ್ಟ್ ನಮಗೆ ಶನಿವಾರ ಬೆಳಗ್ಗೆ 5:30ಕ್ಕೆ ಶುರು, 48 ಗಂಟೆ. ನಮ್ದು ಮಂಡ್ಯ ಪಕ್ಕದ ಹಳ್ಳಿ, ಎರಡು ತೆಂಗಿನ ಮರದ ಮಧ್ಯೆ ಹತ್ತು ಮೀಟರ್ ತಂತಿಯ ಡೈಪೋಲ್ ಆಂಟೆನಾ ಕಟ್ಟಿದೀನಿ, 14 ಮೆಗಾಹರ್ಟ್ಸ್‌ಗೆ, 100 ವ್ಯಾಟು. ಅಷ್ಟೆ ನನ್ನ ಸ್ಟೇಷನ್.

ಒಂದು ವಾರದಿಂದ ಸೂರ್ಯನ್ನೇ ನೋಡ್ತಾ ಕೂತಿದ್ದೆ. ಸೋಲಾರ್ ಫ್ಲಕ್ಸ್, ಅಂದ್ರೆ ಸೂರ್ಯನ ಚಟುವಟಿಕೆಯ ಅಳತೆ, ಜಾಸ್ತಿ ಇದ್ರೆ ಆಕಾಶದಲ್ಲಿ ರೇಡಿಯೋ ಸಿಗ್ನಲ್ ಬಗ್ಗಿಸೋ ಪದರಗಳಲ್ಲಿ ಮೇಲಿನ ಎಫ್ ಲೇಯರ್ ಗಟ್ಟಿ, ಸಿಗ್ನಲ್ ಚೆನ್ನಾಗಿ ಬಗ್ಗಿ ವಾಪಸ್ ಬರತ್ತೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಹೇಳೋ ಕೆ ಇಂಡೆಕ್ಸ್ 5 ಮುಟ್ಟಿದ್ರೆ ಅಮೆರಿಕ ಮರೆತುಬಿಡಿ, ಯಾಕಂದ್ರೆ ನಮ್ಮಿಂದ ಆ ಕಡೆ ದಾರಿ ಉತ್ತರ ಧ್ರುವದ ಹತ್ರ ಹಾದು ಹೋಗತ್ತೆ, ಕಾಂತೀಯ ಬಿರುಗಾಳಿ ಮೊದಲು ಕೆಡಿಸೋದೇ ಅಲ್ಲಿ. ಆವತ್ತು ಕೆ ಬರೀ 2. ಬೆಳಗ್ಗೆ ಅಮೆರಿಕದವ್ರು ಒಬ್ಬರ ಹಿಂದೆ ಒಬ್ಬರು, ಎಲ್ರಿಗೂ ‘ಫೈವ್ ನೈನ್ ಟೂ ಟೂ’, ಫೈವ್ ನೈನ್ ಅಂದ್ರೆ ಸಿಗ್ನಲ್ ಚೆನ್ನಾಗಿದೆ ಅಂತ, ಟೂ ಟೂ ಅಂದ್ರೆ ಕಾಂಟೆಸ್ಟ್ ನಕ್ಷೆಯಲ್ಲಿ ನಮ್ಮ ಝೋನ್ 22 ಅಲ್ವಾ, ನಾಲಿಗೆ ಒಣಗಿ ಹೋಯ್ತು.

ಸಂಜೆ ನಾಲ್ಕಕ್ಕೆ ಮೋಡ ಕವೀತು. ಇನ್ನೂ ಗುಡುಗು ಕೇಳೋ ಮೊದಲೇ ರೇಡಿಯೋದಲ್ಲಿ ಚರ್ ಚಟಾರ್ ಅಂತ ಶುರುವಾಯ್ತು, ದೂರದ ಸಿಡಿಲು ಕಿವಿಗಿಂತ ಮುಂಚೆ ಆಂಟೆನಾಗೆ ಗೊತ್ತಾಗತ್ತೆ. ಅಮ್ಮ ಹಜಾರದಿಂದ, "ಆ ತಂತಿ ಕಿತ್ತಾಕು ಕಣಪ್ಪ, ಸಿಡ್ಲು ಹೊಡೀತದೆ!" ಕಿತ್ತು ಕಿಟಕಿ ಆಚೆ ಎಸೆದೆ. ಇದರಲ್ಲಿ ಮಾತ್ರ ಪಾಯಿಂಟ್ ಆಸೆ ಬೇಡ.

ಮಳೆ ನಿಂತ ಮೇಲೆ ಹಾಕಿದ್ರೆ ಯೂರೋಪ್ ಕೇಳ್ತಿದೆ, ಆದ್ರೆ ಸಣ್ಣಗೆ, ನಾನು ಕರೆದ್ರೆ ಒಬ್ರೂ ತಿರುಗಿ ನೋಡ್ತಿಲ್ಲ. ಸೂರ್ಯನಲ್ಲಿ ಸ್ಫೋಟ ಆಗಿ ಫ್ಲೇರ್ ಬಿದ್ದಿರ್ಬೇಕು, ಕಂಡೀಷನ್ ಸತ್ತೋಯ್ತು ಅಂತ ಸೂರ್ಯನಿಗೆ ಶಾಪ ಹಾಕಿ ಒಂಬತ್ತಕ್ಕೇ ಮಲಗಿಬಿಟ್ಟೆ. ಆಗಲೇ ಯೋಚನೆ ಮಾಡ್ಬೇಕಿತ್ತು, ಫ್ಲೇರ್ ಹೊಡೆದ್ರೆ ಹಗಲಿರೋ ಕಡೆ ಕೆಳಗಿನ ಡಿ ಲೇಯರ್ ಸಿಗ್ನಲ್ ನುಂಗತ್ತೆ ನಿಜ, ಆದ್ರೆ ಸಾಮಾನ್ಯವಾಗಿ ಅರ್ಧ ಗಂಟೆನೋ ಒಂದು ಗಂಟೆನೋ, ಆಮೇಲೆ ಬ್ಯಾಂಡ್ ಮತ್ತೆ ಏಳತ್ತೆ. ನಂದು ಮೂರು ಗಂಟೆ ಆದ್ರೂ ಎದ್ದಿರ್ಲಿಲ್ಲ.

ಬೆಳಗ್ಗೆ ಮೈಸೂರಿನ ಫ್ರೆಂಡ್ ಫೋನ್ ಮಾಡಿ "ಏನ್ ಮಗಾ, ನಿನ್ನೆ ರಾತ್ರಿ ಯೂರೋಪ್ ಜಾತ್ರೆ ಇತ್ತಲ್ಲ!" ಅಂದ. ಹೊಟ್ಟೆ ಉರೀತು. ಎಸ್‌ಡಬ್ಲ್ಯೂಆರ್ ನೋಡ್ತೀನಿ, ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರ್ತಿದೆ ಅಂತ ಹೇಳೋ ಅಳತೆ ಅದು, 1ರ ಹತ್ರ ಇದ್ರೆ ಒಳ್ಳೇದು, ನಂದು 3ರ ಮೇಲೆ, ರೇಡಿಯೋ ತಾನೇ ಪವರ್ ಇಳಿಸ್ಕೊಂಡು ಸುಮ್ನೆ ಕೂತಿದೆ. ಹಗ್ಗ ಸಡಿಲಿಸಿ ಡೈಪೋಲ್ ಇಳಿಸಿದೆ. ಮಧ್ಯದ ಕನೆಕ್ಟರ್ ತಿರುಗಿಸಿದ್ರೆ ಒಂದು ಚಮಚ ನೀರು ಕೈ ಮೇಲೆ ಸುರೀತು, ಒಳಗಿನ ತಾಮ್ರದ ಜಾಲರಿ ಹಸಿರು ಕಿಲುಬು ಹಿಡಿದು ಗೊಬ್ಬರ ಆಗಿದೆ. ಹೋದ ವರ್ಷ ಸುತ್ತಿದ ಟೇಪು ಬಿಸಿಲಿಗೆ ಬಿರಿದಿತ್ತು, ನಾನು ಕತ್ತೆತ್ತಿ ನೋಡಿದ್ದೇ ಇಲ್ಲ.

ಒಂದಡಿ ಕೇಬಲ್ ಕತ್ತರಿಸಿ ಬಿಸಾಕಿ ಹೊಸ ಕನೆಕ್ಟರ್ ಹಾಕ್ದೆ, ಮೇಲೆ ಹಳೇ ಸೈಕಲ್ ಟ್ಯೂಬ್ ಪಟ್ಟಿ ಎಳೆದು ಎಳೆದು ಸುತ್ತಿ ಅದರ ಮೇಲೆ ಟೇಪ್. ಮನೆ ಒಳಗೆ ಬರೋ ಕಡೆ ಕೇಬಲ್ ಕೆಳಕ್ಕೆ ಜೋಲು ಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಎಸ್‌ಡಬ್ಲ್ಯೂಆರ್ 1.3. ಮಧ್ಯಾಹ್ನ ಮೂರಕ್ಕೆ ಇಟಲಿಯವನೊಬ್ಬ ಮೊದಲ್ನೇ ಕೂಗಿಗೇ ಉತ್ತರ ಕೊಟ್ಟ, ಲಾಗ್‌ನಲ್ಲಿ ಬರ್ಕೊಳ್ತಿದ್ದ ಹಾಗೇ ಮತ್ತೆ ಚಟಾರ್, ಹಿಂದೇನೇ ಅಮ್ಮ, "ಕಿತ್ತಾಕಿದ್ಯಾ ಇಲ್ವಾ?"