ವಾರಕ್ಕೊಂದು ಮೆಥೋಟ್ರೆಕ್ಸೇಟ್ ಸೂಜಿ: ಮನೆಯಲ್ಲೇ ಹಾಕಿಕೊಳ್ಳುವವರಿಗೆ ನಾವು ಹೇಳಿಕೊಡುವುದು

ರುಮಟಾಯ್ಡ್ ಸಂಧಿವಾತಕ್ಕೋ ಸೋರಿಯಾಸಿಸ್‌ಗೋ ಮೆಥೋಟ್ರೆಕ್ಸೇಟ್ ಸೂಜಿ ಶುರುವಾದಾಗ, ಕಲಬುರಗಿಯ ನಮ್ಮ ಓಪಿಡಿಯಲ್ಲಿ ರೋಗಿಯ ಜೊತೆ ಮನೆಯವರೊಬ್ಬರನ್ನೂ ಕೂಡಿಸಿಕೊಂಡು ಮೊದಲು ಹೇಳುವ ಮಾತು: ಇದು ವಾರಕ್ಕೆ ಒಂದೇ ಸಲ. ದಿನಾ ಹೋದರೆ ಎಲುಬಿನ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸುತ್ತದೆ, ಬಾಯಿ ತುಂಬ ಹುಣ್ಣು ಏಳುತ್ತವೆ, ಜೀವಕ್ಕೇ ಕುತ್ತು. ವಾರದ ಹೆಸರನ್ನು ಚೀಟಿಯ ಮೇಲೆ ಪೂರ್ತಿ ಬರೆಯುತ್ತೇವೆ: 'ಪ್ರತಿ ಬೇಸ್ತವಾರ ಸೂಜಿ, ಶನಿವಾರ ಫೋಲಿಕ್ ಆಸಿಡ್ ಗುಳಿಗೆ'. ಮರೆತರೆ ಎರಡು ದಿನದೊಳಗೆ ಹಾಕಿಕೊಳ್ಳಬಹುದು. ಅದೂ ದಾಟಿದರೆ ಆ ವಾರ ಬಿಟ್ಟುಬಿಡಿ, ಮುಂದಿನ ವಾರ ಎರಡು ಸೇರಿಸಿ ಹಾಕಿಕೊಳ್ಳಬೇಡಿ.

ಗುಳಿಗೆಯಲ್ಲೂ ಎಡವಟ್ಟಾಗುತ್ತದೆ. ಫೋಲಿಟ್ರಾಕ್ಸ್ ಅಂದರೆ ಮೆಥೋಟ್ರೆಕ್ಸೇಟ್, ಫೋಲ್ವೈಟ್ ಅಂದರೆ ಅದರ ಅಡ್ಡಪರಿಣಾಮ ತಗ್ಗಿಸುವ ವಿಟಮಿನ್, ಫೋಲಿಕ್ ಆಸಿಡ್. ಅಂಗಡಿಯಲ್ಲಿ ಕೊಟ್ಟ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಿಸಿಕೊಂಡೇ ಮನೆಗೆ ಒಯ್ಯಿರಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಕೊಡುವುದು ಅಳತೆಗೆ. ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ 2 ಎಂ.ಎಲ್.ಗೆ 50 ಮಿ.ಗ್ರಾಂ, ಅಂದರೆ ಒಂದು ಎಂ.ಎಲ್.ಗೆ 25 ಮಿ.ಗ್ರಾಂ ಇರುತ್ತದೆ. 10 ಮಿ.ಗ್ರಾಂ ಬೇಕಾದರೆ 0.4 ಎಂ.ಎಲ್., 15 ಬೇಕಾದರೆ 0.6 ಎಂ.ಎಲ್. ತೊಡಕು ಇರುವುದು ಸಿರಿಂಜಿನಲ್ಲಿ. ಸೂಜಿ ಸಣ್ಣದು, ನೋವು ಕಡಿಮೆ ಅಂತ ಜನ ಇನ್ಸುಲಿನ್ ಸಿರಿಂಜ್ ಬಳಸುತ್ತಾರೆ. ಅದರಲ್ಲಿ ಎರಡು ಜಾತಿ. ಕೆಂಪು ಮುಚ್ಚಳದ್ದರಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ (ಜನ ಹೇಳುವ 'ಪಾಯಿಂಟ್'), ಕಿತ್ತಳೆ ಮುಚ್ಚಳದ್ದರಲ್ಲಿ 100 ಯೂನಿಟ್. 10 ಮಿ.ಗ್ರಾಂಗೆ ಕಿತ್ತಳೆಯಲ್ಲಿ 40ರವರೆಗೆ ಎಳೆಯಬೇಕು. ಅದೇ 40ನ್ನು ಕೆಂಪಿನಲ್ಲಿ ಎಳೆದರೆ ಪೂರ್ತಿ ಒಂದು ಎಂ.ಎಲ್., ಅಂದರೆ 25 ಮಿ.ಗ್ರಾಂ ಒಳಗೆ ಹೋಯಿತು! ತಿರುಗಾಮುರುಗಾ ಆದರೆ ಔಷಧ ಸಾಲದೆ ಕೀಲು ಊದಿಕೊಂಡೇ ಇರುತ್ತವೆ. ಹೀಗಾಗಿ ಬರೀ 'ಇಷ್ಟು ಪಾಯಿಂಟ್' ಅಂತ ಯಾರು ಹೇಳಿದರೂ ಒಪ್ಪಬೇಡಿ, ಎಂ.ಎಲ್. ಎಷ್ಟು, ಯಾವ ಮುಚ್ಚಳದ ಸಿರಿಂಜ್, ಎರಡನ್ನೂ ಬರೆಸಿಕೊಳ್ಳಿ. ನನ್ನ ಮಟ್ಟಿಗೆ, ಗೆರೆಗಳೇ ಎಂ.ಎಲ್.ನಲ್ಲಿರುವ 1 ಎಂ.ಎಲ್. ಸಿರಿಂಜ್ ಎಲ್ಲಕ್ಕಿಂತ ಸುರಕ್ಷಿತ. ಅಂಗಡಿಯವರು ಒಂದು ಎಂ.ಎಲ್.ಗೆ 15 ಮಿ.ಗ್ರಾಂ ಇರುವ ಬೇರೆ ಬಾಟಲಿ ಕೊಟ್ಟರೆ ಹಳೆಯ ಲೆಕ್ಕ ನಡೆಯುವುದಿಲ್ಲ. ಫೋನ್ ಮಾಡಿ ಕೇಳಿ.

ಹಾಕುವ ಕ್ರಮ ಸುಲಭ. ಕೈ ತೊಳೆದು, ಬಾಟಲಿಯ ರಬ್ಬರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎಳೆಯುವಷ್ಟೇ ಗಾಳಿ ಒಳಗೆ ಬಿಟ್ಟು ಔಷಧ ಎಳೆದುಕೊಳ್ಳಿ. ಹೊಕ್ಕುಳಿಂದ ಎರಡು ಇಂಚು ದೂರ ಹೊಟ್ಟೆಗೆ, ಇಲ್ಲವೇ ತೊಡೆಯ ಮುಂಭಾಗಕ್ಕೆ. ಸ್ಪಿರಿಟ್ ಆರಿದ ಮೇಲೆ ಚರ್ಮ ಚಿವುಟಿ ಎತ್ತಿ ಹಿಡಿದು ಚುಚ್ಚಿ, ನಿಧಾನ ಒತ್ತಿ, ಹತ್ತು ಎಣಿಸಿ ತೆಗೆಯಿರಿ. ಉಜ್ಜಬೇಡಿ. ಮುಂದಿನ ವಾರ ಜಾಗ ಬದಲಿಸಿ. ಕೈಮೇಲೆ ಹನಿ ಬಿದ್ದರೆ ಸೋಪು ಹಚ್ಚಿ ತೊಳೆಯಿರಿ. ಬಸುರಿ ಸೊಸೆಗೋ ಮಗಳಿಗೋ ಈ ಬಾಟಲಿ ಮುಟ್ಟಿಸಲೇಬೇಡಿ, ಗರ್ಭದ ಕೂಸಿಗೆ ಇದು ವಿಷ. ಸೂಜಿ ತಗೊಳ್ಳುವ ಹೆಣ್ಣುಮಕ್ಕಳು ಕೂಸು ಬೇಕೆಂದರೆ ಮೊದಲೇ ಡಾಕ್ಟರಿಗೆ ಹೇಳಿ ನಿಲ್ಲಿಸಿಕೊಳ್ಳಬೇಕು.

ಈ ಔಷಧಕ್ಕೆ ಫ್ರಿಜ್ ಬೇಡ. ಆದರೆ ನಮ್ಮ ಮೇ ತಿಂಗಳಲ್ಲಿ ಪತ್ರಾಸಿನ ಮನೆಯೊಳಗೆ 40 ಡಿಗ್ರಿ ದಾಟುತ್ತದೆ. ಬಾಟಲಿಯನ್ನು ಡಬ್ಬಿ ಸಮೇತ, ಬೆಳಕು ಬೀಳದ ತಂಪು ಒಳಕೋಣೆಯಲ್ಲಿಡಿ. ಇವೇ ಕಾಯಿಲೆಗಳಿಗೆ ಕೊಡುವ ಅಡಾಲಿಮುಮಾಬ್‌ನಂಥ ಜೈವಿಕ ಸೂಜಿಯ ರೀತಿಯೇ ಬೇರೆ: 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು, ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಆಗಲೇಬೇಕು.

ಒಂದು ಮಾತ್ರೆಯ ಹೆಸರು ನೆನಪಿಡಿ: ಸೆಪ್ಟ್ರಾನ್. ಇದರೊಳಗಿನ ಕೋಟ್ರೈಮೋಕ್ಸಜೋಲ್ ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳು ಕುಸಿದುಬಿಡುತ್ತವೆ. ಊರಿನ ಡಾಕ್ಟರು ಉರಿಮೂತ್ರಕ್ಕೆ ಬರೆಯುವ ಮುಂಚೆಯೇ 'ನಾನು ಮೆಥೋಟ್ರೆಕ್ಸೇಟ್ ತಗೊಳ್ಳತೀನಿ ಸಾಹೇಬ್ರ' ಅಂತ ಹೇಳಿ. ವಾಂತಿ-ಭೇದಿ ಆದ ವಾರ, ಇಲ್ಲವೇ ತೊಗರಿ ಹೊಲದ ಬಿಸಿಲಲ್ಲಿ ಮೈ ಒಣಗಿ ಮೂತ್ರ ಕಡಿಮೆಯಾದ ವಾರ ಸೂಜಿ ಬಿಡಿ. ಮೂತ್ರಪಿಂಡ ಔಷಧವನ್ನು ಹೊರಹಾಕದೆ ಅದು ಮೈಯಲ್ಲೇ ಉಳಿಯುತ್ತದೆ.

ಈ ಔಷಧ ಸೋಂಕು ತಡೆಯುವ ಶಕ್ತಿಯನ್ನೂ ತಗ್ಗಿಸಬಹುದು. ಹೀಗಾಗಿ ಜ್ವರ 100.4 ದಾಟಿದರೂ, ಆ್ಯಂಟಿಬಯಾಟಿಕ್ ನಡೆದಿದ್ದರೂ ಡಾಕ್ಟರನ್ನು ಕೇಳದೆ ಸೂಜಿ ಬೇಡ. ಬಾಯಿಹುಣ್ಣು, ಒಣಕೆಮ್ಮು, ದಮ್ಮು ಕಂಡರೆ ನಿಲ್ಲಿಸಿ ಅದೇ ದಿನ ಬನ್ನಿ. ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಬಳಿದು ಕೂರುವುದು ನಮ್ಮ ಕಡೆ ಇನ್ನೂ ಇದೆ. ಸರ್ಪಸುತ್ತಿನ ಔಷಧ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, ಮಣ್ಣಿಗೆ ಸಮಯ ಕಳೆಯಬೇಡಿ. ಮನೆಯಲ್ಲಿ ಮಕ್ಕಳಿಗೆ ಅಮ್ಮ ಬಂದರೆ ಬೇವಿನ ಸೊಪ್ಪು ಕಟ್ಟಿದ ದಿನವೇ ಫೋನ್ ಮಾಡಿ. ಹಸಿ ಹಾಲು ಬೇಡ, ಮೇಕೆಯದಾದರೂ ಉಕ್ಕಿಸಿಯೇ ಕುಡಿಯಿರಿ. ಸಾರಾಯಿ ಬೇಡವೇ ಬೇಡ, ಲಿವರಿಗೆ ಇಬ್ಬರು ಶತ್ರುಗಳಾಗುತ್ತವೆ.

ರಕ್ತಪರೀಕ್ಷೆ, ಅಂದರೆ ರಕ್ತಕಣ, ಲಿವರ್, ಕ್ರಿಯೇಟಿನಿನ್ (ಮೂತ್ರಪಿಂಡದ ಪರೀಕ್ಷೆ), ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ. ಕೀಲು ಹಗುರಾದವೆಂದು ಇದನ್ನು ಬಿಡುವವರೇ ಹೆಚ್ಚು. ಲಿವರ್ ಕೆಟ್ಟರೂ ಮೊದಮೊದಲು ನೋವೇ ಇರುವುದಿಲ್ಲವಲ್ಲ!

ಬಳಸಿದ ಸೂಜಿಗೆ ಮುಚ್ಚಳ ತಿರುಗಿ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಟೇಪ್ ಸುತ್ತಿ ಮುಂದಿನ ರಕ್ತಪರೀಕ್ಷೆಗೆ ಬರುವಾಗ ನಮಗೇ ತಂದುಕೊಡಿ.