ಅಜಿಲಿಟಿ ಟ್ರಯಲ್‌ನಲ್ಲಿ ಸ್ವಯಂಸೇವೆ: ಯಾವ ಕೆಲಸಕ್ಕೆ ಕಣ್ಣು ಎಲ್ಲಿರಬೇಕು

ಅಜಿಲಿಟಿ ಎಂದರೆ ನಾಯಿ ತನ್ನನ್ನು ಓಡಿಸುವ ಹ್ಯಾಂಡ್ಲರ್ ಹೇಳಿದಂತೆ ಅಡ್ಡ ಬಾರ್‌ಗಳನ್ನು ಹಾರಿ, ಕೊಳವೆಯಂಥ ಟನಲ್‌ಗಳಲ್ಲಿ ನುಸುಳಿ, ಅಡೆತಡೆಗಳನ್ನು ಸರಿಯಾದ ಕ್ರಮದಲ್ಲಿ, ಸಮಯದ ಮಿತಿಯೊಳಗೆ ದಾಟುವ ಆಟ. ಅಮೆರಿಕದಲ್ಲಿ ಶನಿವಾರ, ಭಾನುವಾರ ನಡೆಯುವ ಇದರ ಸ್ಪರ್ಧೆಗಳನ್ನು, ಅಂದರೆ ಟ್ರಯಲ್‌ಗಳನ್ನು, ನಿಜವಾಗಿ ನಡೆಸುವವರು ಸ್ವಯಂಸೇವಕರು. ಬಾರ್ ಎತ್ತಿಡುವುದು, ಸಮಯ ನೋಡುವುದು, ಜಡ್ಜ್ ಕೊಟ್ಟ ಸನ್ನೆ ಬರೆದುಕೊಳ್ಳುವುದು, ನಾಯಿಗಳನ್ನು ಸರದಿಯಂತೆ ಕರೆಯುವುದು, ಎಲ್ಲವೂ ಅವರ ಪಾಲು. ಜನ ಸಾಲದಿದ್ದರೆ ಸಂಜೆ ನಾಲ್ಕಕ್ಕೆ ಮುಗಿಯಬೇಕಾದ ಟ್ರಯಲ್ ಏಳು ಗಂಟೆಗೆ ಮುಗಿಯುತ್ತದೆ. ಹಾಗಾಗಿ ಹೊಸಬರು ಬಂದರೆ ಕ್ಲಬ್ಬಿನವರಿಗೆ ಸಂತೋಷವೇ. ನಾಯಿ ಸಾಕಿರಲೇಬೇಕು ಎಂದೇನಿಲ್ಲ.

ಇಲ್ಲಿ ಹೇಳಿರುವುದು ಅಮೆರಿಕನ್ ಕೆನೆಲ್ ಕ್ಲಬ್‌, ಅಂದರೆ ಎಕೆಸಿ, ನಿಯಮದಂತೆ ನಡೆಯುವ ಟ್ರಯಲ್‌ಗಳ ಬಗ್ಗೆ. 1978ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ, ಕುದುರೆಗಳ ಜಿಗಿತದ ಸ್ಪರ್ಧೆಯನ್ನು ಮಾದರಿಯಾಗಿಟ್ಟುಕೊಂಡು ಬಿಡುವಿನ ಹೊತ್ತಿನ ಮನರಂಜನೆಗೆಂದು ಶುರುವಾದ ಆಟ ಇದು. ಎಕೆಸಿ ತನ್ನ ಮೊದಲ ಟ್ರಯಲ್ ನಡೆಸಿದ್ದು 1994ರಲ್ಲಿ. ಬೇರೆ ಸಂಸ್ಥೆಗಳ ಟ್ರಯಲ್‌ಗಳಲ್ಲೂ ಕೆಲಸ ಹೆಚ್ಚುಕಡಿಮೆ ಇದೇ, ಸನ್ನೆಗಳೂ ಎತ್ತರಗಳೂ ಬದಲಾಗುತ್ತವೆ.

ಹೆಸರು ಕೊಡುವುದು

ಎಕೆಸಿ ವೆಬ್‌ಸೈಟಿನಲ್ಲಿ ಊರಿನ ಹತ್ತಿರದ ಟ್ರಯಲ್‌ಗಳ ಪಟ್ಟಿ ಸಿಗುತ್ತದೆ. ಪ್ರತಿ ಟ್ರಯಲ್‌ಗೂ ‘ಪ್ರೀಮಿಯಂ ಲಿಸ್ಟ್’ ಎಂಬ ಕೈಪಿಡಿ ಇರುತ್ತದೆ. ಅದರಲ್ಲಿ ಟ್ರಯಲ್ ಸೆಕ್ರೆಟರಿಯ ವಿಳಾಸ ಇರುತ್ತದೆ, ಸ್ವಯಂಸೇವಕರನ್ನು ನೋಡಿಕೊಳ್ಳುವವರ ಹೆಸರೂ ಹಲವು ಬಾರಿ ಇರುತ್ತದೆ. ಎರಡು ವಾರ ಮೊದಲೇ ಬರೆಯಿರಿ. ಅದರಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಇದು ನಿಮ್ಮ ಮೊದಲ ಸಲ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತೀರಿ, ಬಗ್ಗಿ ಎದ್ದು ಓಡಾಡಲು ಆಗುತ್ತದೋ ಇಲ್ಲವೋ. ಮಂಡಿನೋವಿದ್ದರೆ ಮುಚ್ಚಿಡಬೇಡಿ, ಕುಳಿತು ಮಾಡುವ ಕೆಲಸವೂ ಬೇಕಾದಷ್ಟಿದೆ. ಹೈಸ್ಕೂಲಿನ ಮಕ್ಕಳು ಶಾಲೆಯ ಸೇವಾ ಗಂಟೆಗಳಿಗಾಗಿ ಬರುವುದಾದರೆ, ಕಾಗದಕ್ಕೆ ಸಹಿ ಯಾರು ಹಾಕುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಲಿ.

ಜಾರದ ಅಡಿಯ ಮುಚ್ಚಿದ ಶೂ, ಟೋಪಿ, ನೀರು, ಮಡಚುವ ಕುರ್ಚಿ ತನ್ನಿ. ಕುದುರೆ ಲಾಯದಂಥ ಒಳಾಂಗಣವಾದರೆ ಬೆಳಿಗ್ಗೆ ಏಳೂವರೆಗೆ ಕೊರೆಯುವ ಚಳಿ ಇರುತ್ತದೆ, ಒಂದು ಸ್ವೆಟರ್ ಇರಲಿ. ಜೇಬಿನಲ್ಲಿ ತಿಂಡಿ ಬೇಡವೇ ಬೇಡ. ರಿಂಗ್, ಅಂದರೆ ಓಟ ನಡೆಯುವ ಅಂಗಣದ, ಒಳಗೆ ತಿನ್ನುವ ಪದಾರ್ಥ ತರುವಂತಿಲ್ಲ ಎಂಬುದು ನಿಯಮ. ಅದಕ್ಕಿಂತ ಮುಖ್ಯವಾಗಿ, ಚಿಪ್ಸ್ ಪ್ಯಾಕೆಟ್ಟಿನ ಸರಸರ ಸದ್ದು ಕೇಳಿದರೆ ಓಡುತ್ತಿರುವ ಲ್ಯಾಬ್ರಡಾರ್ ನೇರ ನಿಮ್ಮ ಕುರ್ಚಿಗೆ ಬರುತ್ತದೆ. ಓಟ ಅಲ್ಲಿಗೆ ಹಾಳು.

ಬಾರ್ ಇಡುವ ಕೆಲಸ

ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ರಿಂಗ್ ಒಳಗೆ ಅಲ್ಲಲ್ಲಿ ಕುರ್ಚಿ ಹಾಕಿರುತ್ತಾರೆ. ಪ್ರತಿ ಕುರ್ಚಿಯವರಿಗೆ ಮೂರೋ ನಾಲ್ಕೋ ಜಂಪ್‌ಗಳ ಜವಾಬ್ದಾರಿ. ನಾಯಿ ಬಾರ್ ಕೆಡವಿದರೆ ಮತ್ತೆ ಎತ್ತಿಡಬೇಕು, ಟನಲ್ ಸರಿದರೆ ಸ್ವಸ್ಥಾನಕ್ಕೆ ತರಬೇಕು. ಕೂರುವ ಮೊದಲು ಪಕ್ಕದವರ ಜೊತೆ ಮಾತಾಡಿ ಯಾವ ಜಂಪ್ ಯಾರದು ಎಂದು ಬೆರಳು ತೋರಿಸಿ ಹಂಚಿಕೊಳ್ಳಿ. ‘ಅದನ್ನು ಅವರು ನೋಡಿಕೊಳ್ಳುತ್ತಾರೆ’ ಎಂದು ಇಬ್ಬರೂ ಅಂದುಕೊಂಡ ಜಂಪ್‌ನ ಬಾರ್ ನೆಲದಲ್ಲೇ ಉಳಿದು, ಮುಂದಿನ ನಾಯಿ ಶುರುವಿನ ಲೈನಿಗೆ ಬಂದುಬಿಡುತ್ತದೆ.

ನಾಯಿ ಓಡುತ್ತಿರುವಾಗ ಏಳಬಾರದು, ಕಾಲು ಚಾಚಬಾರದು, ಕೈ ಆಡಿಸಬಾರದು. ಬಾರ್ ಬಿತ್ತೆಂದು ತಕ್ಷಣ ಎದ್ದು ಓಡುವುದು ಹೊಸಬರಿಂದ ಆಗುವ ಸಾಮಾನ್ಯ ತಪ್ಪು. ಅದೇ ಜಂಪನ್ನು ನಾಯಿ ಇದೇ ಓಟದಲ್ಲಿ ಇನ್ನೊಮ್ಮೆ ಹಾರಬೇಕಿದ್ದರೆ ಏನು ಮಾಡಬೇಕೆಂದು ಜಡ್ಜ್ ಮೊದಲೇ ಹೇಳಿರುತ್ತಾರೆ. ಹೇಳಿಲ್ಲದಿದ್ದರೆ ತರಗತಿ (ಒಂದು ಮಟ್ಟದ ನಾಯಿಗಳ ಓಟದ ಸುತ್ತು) ಶುರುವಾಗುವ ಮುಂಚೆ ನೀವೇ ಕೇಳಿ. ಉಳಿದಂತೆ ನಾಯಿ ಕೊನೆಯ ಅಡೆತಡೆ ದಾಟಿದ ಮೇಲೆಯೇ ಏಳಿ.

ನಾಯಿ ನಿಮ್ಮ ಹತ್ತಿರ ಬಂದರೆ ಮುಟ್ಟಬೇಡಿ, ಮಾತಾಡಿಸಬೇಡಿ, ಅದರ ಕಣ್ಣಿಗೆ ಕಣ್ಣು ಕೊಡಬೇಡಿ, ನೆಲ ನೋಡುತ್ತಾ ಕುಳಿತಿರಿ. ‘ಟನಲ್ ಆ ಕಡೆ’ ಎಂದು ಹ್ಯಾಂಡ್ಲರ್‌ಗೆ ಕೈ ತೋರಿಸಿದರೆ ಅದು ಹೊರಗಿನ ಸಹಾಯವಾಗುತ್ತದೆ. ಜಡ್ಜ್ ಆ ಓಟವನ್ನೇ ತಳ್ಳಿಹಾಕಬಹುದು. ಅದಕ್ಕಾಗಿ ತಿಂಗಳುಗಟ್ಟಲೆ ತಯಾರಾಗಿ, ದೂರದಿಂದ ಗಾಡಿ ಓಡಿಸಿಕೊಂಡು ಬಂದವರಿಗೆ ಇದು ಸಣ್ಣ ನಷ್ಟವಲ್ಲ.

ಎತ್ತರ ಬದಲಾಯಿಸುವಾಗ

ನಾಯಿಯ ಹೆಗಲಿನ ಎತ್ತರ ನೋಡಿ ಅದು ಎಷ್ಟು ಹಾರಬೇಕೆಂದು ನಿರ್ಧರಿಸುತ್ತಾರೆ. 11 ಇಂಚಿನವರೆಗಿನ ನಾಯಿಗೆ 8 ಇಂಚಿನ ಜಂಪ್, 14ರವರೆಗೆ 12, 18ರವರೆಗೆ 16, 22ರವರೆಗೆ 20, ಅದಕ್ಕೂ ಎತ್ತರದ ನಾಯಿಗೆ 24. ‘ಪ್ರಿಫರ್ಡ್’ ವಿಭಾಗದಲ್ಲಿ ಒಂದು ಮೆಟ್ಟಿಲು, ಅಂದರೆ 4 ಇಂಚು, ಕಡಿಮೆ. ಒಂದು ಎತ್ತರದ ನಾಯಿಗಳೆಲ್ಲ ಮುಗಿದ ಮೇಲೆ ಇಡೀ ರಿಂಗ್‌ನ ಬಾರ್‌ಗಳನ್ನು ಬದಲಿಸಬೇಕು. ಎಲ್ಲಕ್ಕಿಂತ ಮೇಲಿನ ಮಾಸ್ಟರ್ಸ್ ಮಟ್ಟದ ಕೋರ್ಸಿನಲ್ಲಿ 18ರಿಂದ 20 ಅಡೆತಡೆಗಳಿರುತ್ತವೆ, ಹೆಚ್ಚಿನವು ಜಂಪ್‌ಗಳೇ.

ತಪ್ಪು ನುಸುಳುವುದು ಇಲ್ಲಿಯೇ. ಅವಸರದಲ್ಲಿ ಬಾರಿನ ಒಂದು ತುದಿ 16ರ ಕಪ್ಪಿನಲ್ಲೂ ಇನ್ನೊಂದು ತುದಿ 20ರಲ್ಲೂ ಕೂತಿರುತ್ತದೆ. ಹತ್ತಿರದಿಂದ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ಸ್ವಲ್ಪ ಬಗ್ಗಿ, ಬಾರನ್ನು ನೆಲದ ಜೊತೆ ಹೋಲಿಸಿ ನೋಡಿ, ಓರೆ ಇದ್ದರೆ ತಟ್ಟನೆ ಕಾಣುತ್ತದೆ. ಬದಲಿಸುವಾಗ ಜಂಪ್‌ನ ಕಂಬವನ್ನು ಎಳೆದಾಡಬೇಡಿ. ಜಡ್ಜ್ ಅಳತೆಯ ಚಕ್ರ ಉರುಳಿಸಿ ಕೋರ್ಸಿನ ಉದ್ದ ಅಳೆದು, ಅದರ ಮೇಲೆ ಸಮಯದ ಮಿತಿ ಲೆಕ್ಕ ಹಾಕಿರುತ್ತಾರೆ. ಜಂಪ್ ಒಂದು ಅಡಿ ಸರಿದರೂ ಮುಂದೆ ಓಡುವ ನಾಯಿಗಳಿಗೆ ಕೋರ್ಸೇ ಬೇರೆಯಾಗುತ್ತದೆ. ಸರಿದಿದೆ ಎನ್ನಿಸಿದರೆ ಊಹಿಸಿ ಇಡಬೇಡಿ, ಜಡ್ಜ್‌ರನ್ನು ಕರೆಯಿರಿ.

ಟ್ರಿಪಲ್ ಜಂಪ್‌ಗೆ ವಿಶೇಷ ಎಚ್ಚರ ಬೇಕು. ಅದರ ಮೂರು ಬಾರ್‌ಗಳು ನಾಯಿ ಬರುವ ದಿಕ್ಕಿನಿಂದ ತಗ್ಗು, ನಡು, ಎತ್ತರ ಎಂದು ಏರುತ್ತಾ ಹೋಗಬೇಕು. ಹಿಂದುಮುಂದಾದರೆ ಹಿಂದಿನ ಬಾರ್ ನಾಯಿಯ ಕಣ್ಣಿಗೇ ಬೀಳದೆ ಕಾಲಿಗೆ ಪೆಟ್ಟಾಗುತ್ತದೆ. ಇಟ್ಟ ಮೇಲೆ ನಾಯಿ ಬರುವ ಕಡೆಯಿಂದ ನಿಂತು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಟೈರ್ (ನಾಯಿ ತೂರಿ ಹಾರುವ ಬಳೆ), ಡಬಲ್ ಜಂಪ್ (ಎರಡು ಬಾರ್‌ನದು), ಎ-ಫ್ರೇಮ್ (ಹತ್ತಿ ಇಳಿಯುವ ಇಳಿಜಾರು ಹಲಗೆಗಳು) ಇವನ್ನು ಅನುಭವಿಗಳಿಗೆ ಬಿಡಿ.

ಟನಲ್ 24 ಇಂಚು ಅಗಲದ ಕೊಳವೆ. ಅದನ್ನು ಹಿಡಿದಿಡಲು ಎರಡೂ ತುದಿಯಲ್ಲಿ, ತಿರುವಿನಲ್ಲಿ ಮರಳಿನ ಚೀಲ ಹೇರಿರುತ್ತಾರೆ. ದೊಡ್ಡ ನಾಯಿ ವೇಗವಾಗಿ ನುಗ್ಗಿದಾಗ ತಿರುವು ಹೊರಕ್ಕೆ ತಳ್ಳಿಹೋಗುತ್ತದೆ. ತರಗತಿ ಶುರುವಾಗುವಾಗಲೇ ಟನಲ್ ಬಾಯಿ ಎಲ್ಲಿದೆ, ನೆಲದಲ್ಲಿ ಗುರುತು ಇದೆಯೇ ಎಂದು ನೋಡಿಟ್ಟುಕೊಂಡರೆ ವಾಪಸ್ ಇಡುವುದು ಸುಲಭ.

ಲೀಶ್ ಒಯ್ಯುವವರು

ಕೆಲಸ ಸರಳ: ಹ್ಯಾಂಡ್ಲರ್ ಶುರುವಿನಲ್ಲಿ ಬಿಚ್ಚಿಹಾಕಿದ ಲೀಶನ್ನು, ಅಂದರೆ ನಾಯಿಯ ಹಗ್ಗವನ್ನು, ಓಟ ಮುಗಿಯುವ ಜಾಗಕ್ಕೆ ತಲುಪಿಸುವುದು. ನಾಯಿ ಹೊರಟು ಎರಡು ಮೂರು ಅಡೆತಡೆ ದಾಟುವವರೆಗೆ ಕದಲಬೇಡಿ. ಲೈನಿನಲ್ಲಿ ಕಾದು ಕುಳಿತ ನಾಯಿಯ ಹಿಂದೆ ನೀವು ಬಗ್ಗಿದರೆ ಅದು ತಿರುಗಿ ನೋಡುತ್ತದೆ, ಎದ್ದೇ ಬಿಡುತ್ತದೆ. ಶುರುವಿಗೂ ಕೊನೆಗೂ ಎಲೆಕ್ಟ್ರಾನಿಕ್ ಟೈಮರ್‌ನ ಕಿರಣ ಹಾದಿರುತ್ತದೆ. ಕೊನೆಯ ಕಿರಣವನ್ನು ನೀವು ದಾಟಿದರೆ ಗಡಿಯಾರ ನಿಂತುಹೋಗುತ್ತದೆ, ಆದ್ದರಿಂದ ಯಾವಾಗಲೂ ಸುತ್ತಿ ಹೋಗಿ. ಒಂದು ನಾಯಿ ಮುಗಿಸುವಷ್ಟರಲ್ಲಿ ಮುಂದಿನದು ಒಳಗೆ ಬಂದಿರುತ್ತದೆ. ಎರಡು ಲೀಶ್ ಒಟ್ಟಿಗೆ ಕೈಯಲ್ಲಿ ಇಟ್ಟುಕೊಳ್ಳದೆ, ಮೊದಲನೆಯದನ್ನು ಮುಗಿಯುವ ಜಾಗದ ಕೊಕ್ಕೆಗೋ ಬಕೆಟ್ಟಿಗೋ ಹಾಕಿ ಬಂದು ಎರಡನೆಯದನ್ನು ಎತ್ತಿಕೊಳ್ಳಿ.

ಸ್ಕ್ರೈಬ್: ನಾಯಿಯನ್ನು ನೋಡಲೇಬಾರದ ಕೆಲಸ

ಇದು ಕುಳಿತು ಮಾಡುವ ಕೆಲಸವಾದರೂ ರಿಂಗ್‌ನಲ್ಲೇ ಹೆಚ್ಚು ಏಕಾಗ್ರತೆ ಬೇಡುವಂಥದ್ದು. ಜಡ್ಜ್ ಕೈ ಎತ್ತಿದಾಗಲೆಲ್ಲ ಹಾಳೆಯಲ್ಲಿ ಗೆರೆ ಹಾಕಬೇಕು. ಎಕೆಸಿಯಲ್ಲಿ ಸಾಮಾನ್ಯವಾಗಿ ಮುಷ್ಟಿ ಎತ್ತಿದರೆ ನಾಯಿ ಅಡೆತಡೆಯ ಬಳಿ ಬಂದು ಹಿಂಜರಿದಿದೆ ಎಂದು, ಬಿಚ್ಚಿದ ಒಂದು ಕೈ ಎತ್ತಿದರೆ ತಪ್ಪು ಅಡೆತಡೆಗೆ ಹೋಗಿದೆ ಎಂದು, ಎರಡೂ ಕೈ ಎತ್ತಿದರೆ ಅಡೆತಡೆಯನ್ನು ಸರಿಯಾಗಿ ದಾಟಲಿಲ್ಲ ಎಂದು ಅರ್ಥ. ಬ್ರಿಟನ್ನಿನಲ್ಲಿ ಅದೇ ಬಿಚ್ಚಿದ ಕೈಗೆ 5 ಫಾಲ್ಟ್ (ತಪ್ಪಿನ ಅಂಕ) ಎಂಬ ಅರ್ಥವಿದೆ. ಹಾಗಾಗಿ ತರಗತಿಗೆ ಮುಂಚೆ ಜಡ್ಜ್ ಸ್ಕ್ರೈಬ್‌ಗೆ ಕೊಡುವ ಸೂಚನೆಯನ್ನು ತಪ್ಪದೆ ಕೇಳಿ. ಕೊಡದೇ ಇದ್ದರೆ ‘ನಿಮ್ಮ ಸನ್ನೆಗಳನ್ನು ಒಮ್ಮೆ ತೋರಿಸಿ’ ಎನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಓಟ ಶುರುವಾಗುವ ಮುಂಚೆ ಹಾಳೆಯ ಮೇಲಿನ ತಳಿಯ ಹೆಸರನ್ನೂ ಲೈನಿನಲ್ಲಿ ನಿಂತ ನಾಯಿಯನ್ನೂ ಒಂದು ಸಲ ನೋಡಿ. ಹಾಳೆಯಲ್ಲಿ ಬಾರ್ಡರ್ ಕಾಲಿ ಎಂದಿದ್ದು ಎದುರಿಗೆ ಶೆಲ್ಟಿ ನಿಂತಿದ್ದರೆ ಸರದಿ ತಪ್ಪಿದೆ ಎಂದರ್ಥ, ಆಗಲೇ ನಿಲ್ಲಿಸಿ ಸರಿಮಾಡಿ. ಒಂದು ಹಾಳೆ ಅದಲುಬದಲಾದರೆ ಅದರ ನಂತರದ ಹತ್ತು ನಾಯಿಗಳ ಫಲಿತಾಂಶವೂ ಅದಲುಬದಲು. ‘ಆಲ್ ಅಮೆರಿಕನ್ ಡಾಗ್’ ಎಂದು ಬರೆದಿದ್ದರೆ ಮಿಶ್ರತಳಿ. 2010ರಿಂದ ಎಕೆಸಿ ಇವುಗಳಿಗೂ ಅವಕಾಶ ಕೊಟ್ಟಿದೆ. ಬೆಂಗಳೂರಿನ ಬೀದಿಯಿಂದ ದತ್ತು ತೆಗೆದುಕೊಂಡು ಅಮೆರಿಕಕ್ಕೆ ಕರೆತಂದ ನಾಯಿಯೂ ಇದೇ ಹೆಸರಿನಡಿ ನೋಂದಾಯಿಸಿಕೊಂಡು ಓಡಬಹುದು.

ಓಟ ಶುರುವಾದ ಮೇಲೆ ಕಣ್ಣು ಜಡ್ಜ್ ಮೇಲೆಯೇ. ಸುಂದರವಾದ ಓಟವಾದರೆ ನಾಯಿಯನ್ನು ನೋಡುವ ಆಸೆ ತಡೆಯುವುದು ಕಷ್ಟ, ಆದರೂ ತಡೆಯಿರಿ. ಪೆನ್ನು ಹಾಳೆಯ ಮೇಲಿರಲಿ, ಗೆರೆಯನ್ನು ನೋಡದೆಯೇ ಎಳೆಯಿರಿ. ಬಾರ್ ಬಿದ್ದ ಸದ್ದು ಕೇಳಿಸಿತು, ಜಡ್ಜ್ ಕೈ ಎತ್ತಲಿಲ್ಲ ಎಂದಾದರೆ ಏನೂ ಬರೆಯಬಾರದು. ತೀರ್ಪು ಅವರದು, ಕೈಬರಹ ಮಾತ್ರ ನಿಮ್ಮದು. ಸನ್ನೆ ತಪ್ಪಿಹೋಯಿತು ಅನ್ನಿಸಿದರೆ ಓಟ ಮುಗಿದ ಕೂಡಲೇ, ಮುಂದಿನ ನಾಯಿ ಹೊರಡುವ ಮೊದಲು, ಜಡ್ಜ್‌ರನ್ನೇ ಕೇಳಿ. ಹ್ಯಾಂಡ್ಲರ್‌ರನ್ನು ಕೇಳುವಂತಿಲ್ಲ. ಕೊನೆಗೆ ಟೈಮರ್ ಕೆಲಸದವರು ಹೇಳುವ ಸಮಯವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಬರೆದು, ‘ಮೂವತ್ತೆಂಟು ಪಾಯಿಂಟ್ ನಾಲ್ಕು ಏಳು’ ಎಂದು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಿ. 1 ಮತ್ತು 7 ಬೇರೆಬೇರೆಯಾಗಿ ಕಾಣುವಂತೆ ಬರೆಯಿರಿ. ಮಾಸ್ಟರ್ಸ್‌ನಲ್ಲಿ 100ಕ್ಕೆ 100 ಬಂದರೆ ಮಾತ್ರ ಪಾಸು, ಒಂದು ಗೆರೆ ಹೆಚ್ಚು ಬಿದ್ದರೂ ಇಡೀ ಓಟ ಹೋಯಿತು.

ಟೈಮರ್

ರಿಂಗ್ ಸಜ್ಜಾಗಿದೆ, ಬಾರ್‌ಗಳೆಲ್ಲ ಮೇಲಿವೆ, ಸ್ಕ್ರೈಬ್ ತಯಾರು ಎಂದು ನೋಡಿಕೊಂಡ ಮೇಲೆಯೇ ‘ಗೋ’ ಎನ್ನಬೇಕು. ಗಡಿಯಾರ ಶುರುವಾಗುವುದು ನಾಯಿ ಲೈನ್ ದಾಟಿದಾಗ, ನೀವು ಗೋ ಅಂದಾಗಲ್ಲ. ಯಂತ್ರ ಕೈಕೊಡುವುದುಂಟು: ಹ್ಯಾಂಡ್ಲರ್ ಕಾಲು ಕಿರಣಕ್ಕೆ ಅಡ್ಡಬಂದಿರುತ್ತದೆ, ಬಿಸಿಲು ಸಂವೇದಕಕ್ಕೆ ನೇರ ಬಿದ್ದಿರುತ್ತದೆ. ಅದಕ್ಕೇ ಕೈಯಲ್ಲೊಂದು ಸ್ಟಾಪ್‌ವಾಚ್ ಪ್ರತಿ ಓಟಕ್ಕೂ ಓಡುತ್ತಿರಬೇಕು. ಎರಡೂ ತಪ್ಪಿದರೆ ಅಂದಾಜು ಹೇಳದೆ ಆ ಕ್ಷಣವೇ ಜಡ್ಜ್‌ಗೆ ತಿಳಿಸಿ, ಮುಂದೇನು ಎಂಬುದನ್ನು ಅವರು ನಿರ್ಧರಿಸುತ್ತಾರೆ.

ಗೇಟ್

ಬಾಗಿಲಲ್ಲಿ ನಿಂತು, ಲೈನಿನಲ್ಲಿ ಯಾರು, ಅವರ ನಂತರ ಯಾರು, ಆಮೇಲೆ ಯಾರು ಎಂದು ಸದಾ ಮೂರು ನಾಯಿಗಳ ಹೆಸರು ಕೂಗುತ್ತಿರಬೇಕು. ಎರಡು ರಿಂಗ್‌ಗಳಲ್ಲಿ ಒಂದೇ ಹೊತ್ತಿಗೆ ಸರದಿ ಬಿದ್ದವರು ಬಂದು ಹಿಂದೆ ಹಾಕಲು ಕೇಳುತ್ತಾರೆ. ಅದೇ ಎತ್ತರದ ಗುಂಪಿನೊಳಗೆ ಬದಲಿಸಿ, ಬೋರ್ಡಿನ ಮೇಲೆ ಬರೆಯಿರಿ, ತಕ್ಷಣ ಸ್ಕ್ರೈಬ್‌ಗೆ ಹೇಳಿಕಳಿಸಿ. ಈ ಕೊನೆಯದು ಮರೆತಾಗಲೇ ಹಾಳೆಗಳು ಅದಲುಬದಲಾಗುವುದು. ಕಾಯುತ್ತಿರುವ ನಾಯಿಗಳು ಒಂದರ ಮುಖಕ್ಕೊಂದು ಬರದಂತೆ ಬಾಗಿಲ ಬಳಿ ಜಾಗ ಬಿಡಿಸುವುದೂ ನಿಮ್ಮ ಕೆಲಸವೇ. ‘ಲೂಸ್ ಡಾಗ್’ (ನಾಯಿ ತಪ್ಪಿಸಿಕೊಂಡಿದೆ) ಎಂಬ ಕೂಗು ಕೇಳಿದರೆ ಮೊದಲು ಬಾಗಿಲು ಮುಚ್ಚಿ. ಅಟ್ಟಿಸಿಕೊಂಡು ಹೋದರೆ ನಾಯಿ ಇನ್ನೂ ದೂರ ಓಡುತ್ತದೆ, ಎಲ್ಲರೂ ನಿಂತಲ್ಲೇ ನಿಂತು ಹ್ಯಾಂಡ್ಲರ್ ಕರೆಯಲು ಬಿಡಿ.

ಕಟ್ಟುವುದು, ಬಿಚ್ಚುವುದು

ಬೆಳಿಗ್ಗೆ ಮೊದಲ ಕೋರ್ಸ್ ಕಟ್ಟುವಾಗ ರಿಂಗ್‌ನ ಎರಡು ಬದಿಗೆ ಅಳತೆ ಟೇಪ್ ಹಾಸಿರುತ್ತಾರೆ. ನಕ್ಷೆಯಲ್ಲಿ ಪ್ರತಿ ಜಂಪ್‌ಗೂ ಅಡ್ಡ, ಉದ್ದ ಎರಡು ಅಂಕಿ ಇರುತ್ತವೆ. ಅಂಕಿ ಓದುವವರು ಒಬ್ಬರು, ನಿಲ್ಲಿಸುವವರು ಇಬ್ಬರು ಇದ್ದರೆ ಕೆಲಸ ಬೇಗ ಸಾಗುತ್ತದೆ. ಎ-ಫ್ರೇಮ್‌ನ ಎರಡು ಹಲಗೆಗಳು ಸುಮಾರು 9 ಅಡಿ ಉದ್ದದವು, ಅದನ್ನು ಎತ್ತಲು ನಾಲ್ವರು ಬೇಕೇ ಬೇಕು. ಮೇಲಿನ ಕೀಲಿನ ಹತ್ತಿರ ಬೆರಳು ಇಡಬೇಡಿ, ಮಡಚುವಾಗ ಸಿಕ್ಕಿಕೊಳ್ಳುವುದು ಅಲ್ಲಿಯೇ. 12 ಅಡಿ ಉದ್ದದ ಸೀಸಾವನ್ನು, ಅಂದರೆ ಏರಿಳಿಯುವ ಹಲಗೆಯನ್ನು, ಹೊರುವಾಗ ಹಲಗೆ ತಾನಾಗಿ ವಾಲದಂತೆ ಒಬ್ಬರು ಹಿಡಿದಿರಲಿ. ಎ-ಫ್ರೇಮ್, ಡಾಗ್‌ವಾಕ್ (ನಾಯಿ ನಡೆದು ದಾಟುವ ಹಲಗೆ ಸೇತುವೆ), ಸೀಸಾಗಳ ತುದಿಗೆ 42 ಇಂಚು ಹಳದಿ ಬಣ್ಣ ಬಳಿದಿರುತ್ತದೆ. ಎತ್ತಿಡುವಾಗ ಆ ಭಾಗವನ್ನು ನೆಲಕ್ಕೆ ಉಜ್ಜಬೇಡಿ: ನಾಯಿ ಅಲ್ಲಿ ಕಾಲಿಟ್ಟಿತೋ ಇಲ್ಲವೋ ಎಂದು ಜಡ್ಜ್ ದೂರದಿಂದ ಗುರುತಿಸುವುದು ಆ ಬಣ್ಣದ ಗೆರೆಯಿಂದಲೇ.

ಜನ ಹೆಚ್ಚು ಬೇಕಾಗುವುದು ಭಾನುವಾರ ಸಂಜೆ, ಎಲ್ಲ ಬಿಚ್ಚಿ ಟ್ರೇಲರ್‌ಗೆ ತುಂಬುವ ಹೊತ್ತಿಗೆ. ಆಗಲೇ ಹೆಚ್ಚಿನವರು ನಾಯಿ ಹತ್ತಿಸಿಕೊಂಡು ಮನೆಗೆ ಹೊರಟಿರುತ್ತಾರೆ. ಅರ್ಧ ಗಂಟೆ ನಿಲ್ಲಲು ಸಾಧ್ಯವಿದ್ದರೆ ಹೆಸರು ಕೊಡುವಾಗಲೇ ಬರೆಯಿರಿ. ಕೆಲಸ ಮಾಡಿದವರಿಗೆ ಕ್ಲಬ್ಬುಗಳು ಸಾಮಾನ್ಯವಾಗಿ ಊಟ, ಲಾಟರಿ ಚೀಟಿ, ಮುಂದಿನ ಟ್ರಯಲ್‌ನ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ. ಹೊರಡುವ ಮೊದಲು ಸಹಿ ಪುಸ್ತಕದಲ್ಲಿ ನೀವು ಮಾಡಿದ ತರಗತಿಗಳನ್ನು ಬರೆಯಿರಿ. ಮುಂದಿನ ಸಲ ಸ್ಕ್ರೈಬ್ ಕಲಿಯುವ ಮನಸ್ಸಿದ್ದರೆ ನೋವಿಸ್, ಅಂದರೆ ಆರಂಭಿಕ ಮಟ್ಟದ, ತರಗತಿಯಲ್ಲಿ ಅನುಭವಿ ಸ್ಕ್ರೈಬ್ ಪಕ್ಕದಲ್ಲಿ ಕೂರಿಸಿ ಎಂದು ಕೇಳಿಕೊಳ್ಳಿ. ಅಲ್ಲಿ ನಾಯಿಗಳು ಹೆಚ್ಚು ತಪ್ಪು ಮಾಡುತ್ತವೆ, ಒಂದೇ ತರಗತಿಯಲ್ಲಿ ಹಲವು ಬಗೆಯ ಸನ್ನೆಗಳು ನೋಡಲು ಸಿಗುತ್ತವೆ.