ಊರ ಪಕ್ಕದ ಲೇಔಟ್: ಎಷ್ಟು ಮನೆ ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲೇ ಹಾಕಿದ ಬಗೆ

ಕೋಲಾರದ ಕಡೆ ಹೊಲಗಳು ಸೈಟಾಗುತ್ತಿರುವ ಊರುಗಳಲ್ಲಿ ಜಗಳ ಶುರುವಾಗುವುದೇ ‘ಲೇಔಟ್ ಬೇಕೋ ಬೇಡವೋ’ ಎಂಬಲ್ಲಿಂದ. ಅದನ್ನೇ ಹಿಡಿದು ಕೂತರೆ ಸಭೆ ಮುಗಿಯುವುದಿಲ್ಲ. ಜಮೀನಿನವರ ಮಾತು ಸುಳ್ಳಲ್ಲ: ಬೋರ್ ಬತ್ತಿದೆ, ರಾಗಿ ಬೆಳೆದರೆ ಕೂಲಿಯೂ ಗಿಟ್ಟುವುದಿಲ್ಲ. ನೀರು ಹೋಗುತ್ತದೆಂಬ ಊರಿನವರ ಭಯವೂ ಸುಳ್ಳಲ್ಲ. ನಾವು ಪ್ರಶ್ನೆಯನ್ನೇ ಬದಲಿಸಿದೆವು: ಈ ಜಾಗ ಎಷ್ಟು ಸಂಸಾರ ತಾಳುತ್ತದೆ?

ಮೊದಲು ಪಹಣಿ ನೋಡಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಕಳೆಯಬೇಕು. ಕಾಲುವೆ, ದಾರಿ ಅದರಲ್ಲೇ ಇರುತ್ತವೆ, ಅದು ಮಾರುವ ಜಾಗವಲ್ಲ. ದಿಶಾಂಕ್ ಆಪ್ ಸರ್ವೆ ನಂಬರು ತೋರಿಸುತ್ತದೆ ನಿಜ, ಗಡಿಗೆ ಮಾತ್ರ ಸರ್ವೆಯರ್ ಸ್ಕೆಚ್ಚೇ ಬೇಕು. ಉಳಿದದ್ದು 4 ಎಕರೆ ಎಂದಿಟ್ಟುಕೊಳ್ಳಿ: 160 ಗುಂಟೆ, 1,74,240 ಚದರಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಶೇ. 55 ಸೈಟಿಗೆ ಸಿಕ್ಕರೆ 30×40ರ 79 ಸೈಟು.

ಎಲ್ಲರೂ ಎಡವುವುದು ಇಲ್ಲಿ. 79 ಸೈಟೆಂದರೆ 79 ಸಂಸಾರವಲ್ಲ. ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟರೆ 158 ಸಂಸಾರ. ಮನೆಗೆ ನಾಲ್ವರಂತೆ 632 ಜನ. ಜಲ ಜೀವನ್ ಮಿಷನ್ನಿನ ತಲೆಗೆ 55 ಲೀಟರ್ ಲೆಕ್ಕದಲ್ಲೇ ದಿನಕ್ಕೆ 34,760 ಲೀಟರ್ ಬೇಕು. ‘ಎಲ್ಲರೂ ಒಂದೇ ಸಲ ಮನೆ ಕಟ್ಟುತ್ತಾರಾ?’ ಎಂದು ಕೇಳುವವರಿರುತ್ತಾರೆ. ಕಟ್ಟುವುದಿಲ್ಲ. ಆದರೆ ಪೈಪು, ಚರಂಡಿ ಹಾಕುವುದು ಒಂದೇ ಸಲ, ಪೂರ್ತಿ ಲೆಕ್ಕಕ್ಕೇ ಹಾಕಬೇಕು.

ಲೇಔಟಿಗೆಂದು ತೋರಿಸುವ ಬೋರ್ ಎಷ್ಟು ಕೊಡುತ್ತದೆಂದು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಏಪ್ರಿಲ್ ಕೊನೆಯಲ್ಲೋ ಮೇನಲ್ಲೋ ಅಳೆಯಿರಿ. ಮಳೆಗಾಲ ಮುಗಿದ ಹೊಸತರಲ್ಲಿ ಅಳೆದರೆ ಎಲ್ಲ ಬೋರೂ ಚೆನ್ನಾಗಿಯೇ ಕಾಣುತ್ತವೆ. ಮೋಟರು ನಾಲ್ಕು ಗಂಟೆಯಾದರೂ ಓಡಿದ ಮೇಲೆ 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ಹಿಡಿಯಬೇಕು. ಶುರುವಿನಲ್ಲಿ ಬರುವುದು ನಿಂತ ನೀರು, ಅದನ್ನು ನಂಬಿದರೆ ಲೆಕ್ಕ ಕೆಡುತ್ತದೆ. ಡ್ರಮ್ಮು ತುಂಬಲು 3 ನಿಮಿಷ ಹಿಡಿದರೆ ಗಂಟೆಗೆ 4,000 ಲೀಟರ್. 6 ಗಂಟೆ ಕರೆಂಟಿಗೆ 24,000. ಅಂದರೆ 109 ಸಂಸಾರ, ಅದೂ ಒಂದು ಹನಿ ಉಳಿಯದಂತೆ. ಇದೇ ಜಾಗದಲ್ಲಿ 40×60 ಮಾಡಿದರೆ 39 ಸೈಟು, ಎರಡೆರಡು ಸಂಸಾರಕ್ಕೆ 17,160 ಲೀಟರ್ ಸಾಕು. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದ ಮೇಲೆ ಎರಡು ಕಡೆಯ ದನಿಯೂ ಇಳಿಯುತ್ತದೆ.

ಇನ್ನೊಂದು ಕೆಲಸ ಹೊಲದಲ್ಲೇ ಆಗಬೇಕು. ಸುಣ್ಣದ ಪುಡಿಯಲ್ಲಿ ಒಂದು 30×40 ಗೆರೆ ಎಳೆಯಿರಿ. ಮೂಲೆಯಿಂದ ಮೂಲೆಗೆ ಹಗ್ಗ ಸರಿಯಾಗಿ 50 ಅಡಿ ಬಂದರೆ ಮೂಲೆ ನೇರವಾಗಿದೆ. ಪಕ್ಕದ ಸೈಟನ್ನೂ ಗುರುತಿಸಿ, ಒಂದರಲ್ಲಿ ಪಾಯಿಖಾನೆ ಗುಂಡಿಗೆ, ಇನ್ನೊಂದರಲ್ಲಿ ಬೋರಿಗೆ ಗೂಟ ಹೊಡೆಯಿರಿ. ನಡುವೆ 50 ಅಡಿ ಬಿಡೋಣವೆಂದರೆ ಎರಡನ್ನೂ ಆಚೀಚೆಯ ಅಂಚಿಗೇ ತಳ್ಳಬೇಕಾಗುತ್ತದೆ. ಒಳಚರಂಡಿಯಿಲ್ಲದ ಊರಿನಲ್ಲಿ ಸಣ್ಣ ಸೈಟಿನ ದೊಡ್ಡ ಅಪಾಯ ಇದೇ, ರಸ್ತೆಗಿಂತ ಹೆಚ್ಚು. ರಸ್ತೆಯ ತಿರುವಿಗೂ ಗೆರೆ ಹಾಕಿ, ಹುಲ್ಲು ಹೇರಿದ ಟ್ರಾಲಿ ಸಮೇತ ಟ್ರ್ಯಾಕ್ಟರ್ ತಿರುಗಿಸಿ ನೋಡಿ.

ಜಮೀನಿನವರಿಗೆ ಸೈಟು ಕಡಿಮೆಯಾದರೆ ನಷ್ಟವೆನಿಸುವುದು ಸಹಜ. ಮಾರುವ ಚದರಡಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಲ್ಲಿ ಸಂಪರ್ಕ, ಚರಂಡಿ ಕಿಂಡಿಗಳ ಖರ್ಚು ಇಳಿಯುತ್ತದೆ. ಆದರೆ ದೊಡ್ಡ ಸೈಟು ನಿಧಾನಕ್ಕೆ ಮಾರಾಟವಾಗುತ್ತದೆ, ಅದನ್ನು ಮುಚ್ಚಿಡಬಾರದು. ಅದಕ್ಕೇ ರಸ್ತೆ ಬದಿಗೆ ಕೆಲವು 30×40, ಒಳಗೆ 40×60 ಎಂಬ ಬೆರಕೆ ಮುಂದಿಟ್ಟೆವು. ಸೈಟಿಗೆ ಎಷ್ಟು ಸಂಸಾರ ಎಂಬ ಮಿತಿಯನ್ನೂ ಕೇಳಬೇಕು. ಇಲ್ಲದಿದ್ದರೆ 40×60ರಲ್ಲಿ ಆರು ಬಾಡಿಗೆ ಮನೆ ಎದ್ದು ಲೆಕ್ಕವೆಲ್ಲ ಮಣ್ಣುಪಾಲು.

ಗ್ರಾಮಸಭೆಯ ನಿರ್ಣಯವನ್ನು ಯಾವಾಗ, ಯಾರಿಗೆ ಕೊಡಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ಭೂಪರಿವರ್ತನೆಯ ಒಪ್ಪಿಗೆ ಬೇಕಾದ ಕಡೆ ಅದು ಜಿಲ್ಲಾಧಿಕಾರಿಗಳದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ಯೋಜನಾ ಪ್ರದೇಶದೊಳಗೆ ಲೇಔಟ್ ನಕ್ಷೆಗೆ ಒಪ್ಪಿಗೆ ಯೋಜನಾ ಪ್ರಾಧಿಕಾರದ್ದು. ಪಂಚಾಯಿತಿಯ ಇ-ಸ್ವತ್ತು, ಅಂದರೆ ಸೈಟಿನ ಆಸ್ತಿ ದಾಖಲೆ, ಬರುವುದು ಆಮೇಲೆ. ಆದ್ದರಿಂದ ನಕ್ಷೆ ಒಪ್ಪಿಗೆಗೆ ಮೊದಲೇ ಸರ್ವೆ ನಂಬರು, ಸೈಟಿನ ಸಂಖ್ಯೆ, ನೀರು ಅಳೆದ ದಿನಾಂಕ ಸಮೇತ ನಿರ್ಣಯದ ಪ್ರತಿಯನ್ನು ಎರಡೂ ಕಚೇರಿಗೆ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ.